ಮುಂದಿನ ಚಕ್ರದ ಬ್ರೇಕ್ ಬದಲಾಯಿಸಿದ ಮೇಲೆ ಬಂದ ಸದ್ದುಗಳು

ಹೊಸ ಬ್ರೇಕ್ ಹಾಕಿದ ಮೇಲೆ ಸದ್ದು ಬಂದರೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಗಾಬರಿಯಾಗಿ ಮೆಕ್ಯಾನಿಕ್ ಹತ್ತಿರ ಓಡುತ್ತಾರೆ. ಇಲ್ಲವೇ ‘ಹೊಸದಲ್ವಾ, ಓಡಿಸ್ತಾ ಸರಿಹೋಗುತ್ತೆ’ ಅಂತ ಕಿಟಕಿ ಗಾಜು ಏರಿಸಿಕೊಂಡು ಹೋಗುತ್ತಾರೆ. ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ಸ್ವಲ್ಪ ಗಮನ ಕೊಟ್ಟರೆ, ಯಾವುದನ್ನು ಬಿಡಬಹುದು ಯಾವುದನ್ನು ಬಿಡಬಾರದು ಅಂತ ಬಹಳ ಮಟ್ಟಿಗೆ ನಮಗೇ ಗೊತ್ತಾಗುತ್ತದೆ. ನಮ್ಮ ಹಳೇ ಡೀಸೆಲ್ ಹ್ಯಾಚ್‌ಬ್ಯಾಕ್‌ನ ಮುಂದಿನ ಎರಡೂ ಡಿಸ್ಕ್ ಮತ್ತು ಪ್ಯಾಡ್ ಬದಲಾಯಿಸಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಪ್ಯಾಡ್ ಅಂದರೆ ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು. ಮನೆ ಇರುವುದು ತೀರ್ಥಹಳ್ಳಿ ಹತ್ತಿರ. ಪಶ್ಚಿಮಕ್ಕೆ ಹೋದರೆ ಆಗುಂಬೆ ಘಾಟಿ, ಮಾಸ್ತಿಕಟ್ಟೆ ದಾಟಿ ಹೋದರೆ ಹುಲಿಕಲ್ ಘಾಟಿ. ಎಲ್ಲೂ ಹೋಗದೆ ಪೇಟೆಗೆ ಹೋಗಿ ಬಂದರೂ ಏರು, ಇಳುಕಲು, ತಿರುವು. ಬ್ರೇಕ್‌ಗೆ ಇಲ್ಲಿ ರಜೆ ಅನ್ನುವುದೇ ಇಲ್ಲ.

ಹಳೆಯ ಬ್ರೇಕ್ ಎರಡು ತಕರಾರು ಹೇಳುತ್ತಿತ್ತು. ಎಡಗಡೆ ಮುಂದಿನ ಚಕ್ರದಿಂದ ಸಣ್ಣಗೆ ‘ಕೀಂ’ ಅನ್ನುವ ಸದ್ದು. ಬ್ರೇಕ್ ಒತ್ತಿದರೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಇದು ಪ್ಯಾಡಿನ ಪಕ್ಕದಲ್ಲಿರುವ ಸಣ್ಣ ಉಕ್ಕಿನ ಪಟ್ಟಿಯ ಕೆಲಸ. ಪ್ಯಾಡ್ ಸವೆದು 2–3 ಮಿ.ಮೀ.ಗೆ ಬಂದಾಗ ಡಿಸ್ಕ್‌ಗೆ ತಾಗಿ ಕೂಗಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಎರಡನೆಯದು, ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುವುದು. ಇದಕ್ಕೆ ಎಲ್ಲರೂ ಹೇಳುವ ಮಾತು ಒಂದೇ, ‘ಡಿಸ್ಕ್ ಬೆಂಡ್ ಆಗಿದೆ’. ನಿಜವಾಗಿ ಡಿಸ್ಕ್ ಬಗ್ಗುವುದು ಕಡಿಮೆ. ಅದರ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ, ಇಲ್ಲವೇ ಪ್ಯಾಡಿನ ಪದಾರ್ಥ ಅಲ್ಲಲ್ಲಿ ಜಾಸ್ತಿ ಅಂಟಿಕೊಂಡಿರುತ್ತದೆ. ಒಂದು ಸುತ್ತಿಗೆ ಒಂದು ಸಲ ದಪ್ಪ ಜಾಗ ಪ್ಯಾಡಿನ ನಡುವೆ ಬಂದಾಗ ಹಿಡಿತ ಏರುತ್ತದೆ, ತೆಳು ಜಾಗ ಬಂದಾಗ ಇಳಿಯುತ್ತದೆ. ಅದೇ ಕೈಗೆ ನಡುಕವಾಗಿ ಬರುತ್ತದೆ.

ಚಕ್ರ ಬಿಚ್ಚಿದಾಗ ಎಡಗಡೆ ಒಳಪ್ಯಾಡ್ ಬಹುತೇಕ ಮುಗಿದಿತ್ತು, ಹೊರಗಿನದು ಇನ್ನೂ ಅರ್ಧ ಇತ್ತು. ಹೀಗೆ ಕಂಡರೆ ಮೊದಲ ಅನುಮಾನ ಕ್ಯಾಲಿಪರಿನ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ, ಗೈಡ್ ಪಿನ್ ಮೇಲೆ. ನಮ್ಮಂಥ ಕಾರುಗಳಲ್ಲಿ ಪಿಸ್ಟನ್ ಒಳಗಡೆ ಒಂದೇ ಇರುತ್ತದೆ. ಅದು ಒಳಪ್ಯಾಡನ್ನು ತಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ಪಿನ್ ಮೇಲೆ ಜಾರಿ ಹೊರಪ್ಯಾಡನ್ನು ಎಳೆದು ಒತ್ತಬೇಕು. ಪಿನ್ ಹಿಡಿದುಕೊಂಡರೆ ಒಳಪ್ಯಾಡೇ ಎಲ್ಲ ಕೆಲಸ ಮಾಡಿ ಸವೆಯುತ್ತದೆ. ಕೆಳಗಿನ ಪಿನ್ನನ್ನು ಕೈಯಲ್ಲಿ ಅಲ್ಲಾಡಿಸಲು ನೋಡಿದೆ, ಜಗ್ಗಲಿಲ್ಲ. ರಬ್ಬರ್ ಬೂಟು ಹರಿದು ಒಳಗೆ ಕೆಮ್ಮಣ್ಣು ಸೇರಿ, ಗ್ರೀಸ್ ಇಟ್ಟಿಗೆ ಬಣ್ಣದ ಮೇಣ ಆಗಿತ್ತು. ಇದನ್ನು ಹಾಗೇ ಬಿಟ್ಟು ಬರೀ ಪ್ಯಾಡ್ ಬದಲಾಯಿಸಿದ್ದರೆ ಹೊಸ ಪ್ಯಾಡಿಗೂ ಅದೇ ಗತಿ.

ಡಿಸ್ಕ್ ಬದಲಾಯಿಸಬೇಕೋ ಬೇಡವೋ ಅನ್ನುವುದಕ್ಕೆ ಅಳತೆ ಬೇಕು. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಟೋಪಿ ಭಾಗದ ಮೇಲೇ ಅಚ್ಚು ಹಾಕಿರುತ್ತಾರೆ. ತುಕ್ಕು ಕೆರೆದರೆ ಕಾಣುತ್ತದೆ. ತೊಂದರೆ ಏನೆಂದರೆ, ಹಳೇ ಡಿಸ್ಕಿನ ಅಂಚಿನಲ್ಲಿ ಸವೆಯದೆ ಉಳಿದ ಒಂದು ದಿಂಡು ಇರುತ್ತದೆ. ಸುಮ್ನೆ ವರ್ನಿಯರ್ ಹಿಡಿದರೆ ಅದು ದಿಂಡಿನ ದಪ್ಪ ತೋರಿಸುತ್ತದೆ, ಸವೆದ ಜಾಗದ್ದಲ್ಲ. ಮೈಕ್ರೋಮೀಟರ್ ಇಲ್ಲದವರಿಗೆ ಒಂದು ಉಪಾಯ ಇದೆ. ಒಂದೇ ತರದ ಎರಡು ನಾಣ್ಯ ತೆಗೆದುಕೊಂಡು, ಎರಡನ್ನೂ ಜೋಡಿಸಿ ದಪ್ಪ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಸವೆದ ಜಾಗದಲ್ಲಿ ಡಿಸ್ಕಿನ ಆಚೆಗೊಂದು ಈಚೆಗೊಂದು ನಾಣ್ಯ ಇಟ್ಟು, ನಾಣ್ಯದ ಮೇಲೆ ವರ್ನಿಯರ್ ಹಿಡಿದು ಅಳೆಯಿರಿ. ಮೊದಲಿನ ಅಳತೆ ಕಳೆದರೆ ಉಳಿದದ್ದು ಡಿಸ್ಕಿನ ದಪ್ಪ. ಸುತ್ತಲೂ ಆರೆಂಟು ಕಡೆ ಹೀಗೇ ನೋಡಬೇಕು. ನಮ್ಮದು ಒಂದೆರಡು ಕಡೆ ಅಚ್ಚಿನ ಅಂಕಿಗಿಂತ ಕೆಳಗೇ ಇತ್ತು. ಲೇತ್‌ಗೆ ಕೊಟ್ಟು ಸಮ ಮಾಡಿಸುವ ಮಾತೇ ಇಲ್ಲ, ಇನ್ನೂ ತೆಳುವಾಗುತ್ತದೆ ಅಷ್ಟೇ.

ಸಾಮಾನು ಶಿವಮೊಗ್ಗದಲ್ಲಿ ತಂದೆ. ಡಿಸ್ಕ್ ಯಾವತ್ತೂ ಎರಡೂ ಕಡೆ ಒಟ್ಟಿಗೆ, ಪ್ಯಾಡೂ ಅಷ್ಟೇ. ಪ್ಯಾಡ್ ತರುವಾಗ ಡಬ್ಬಿ ಬಿಚ್ಚಿ ಮೂರು ವಿಷಯ ನೋಡಬೇಕು. ಹಿಂಬದಿಗೆ ಶಿಮ್ (ಅದುರಾಟ ತಡೆಯುವ ತೆಳು ತಗಡು) ಇದೆಯಾ, ಬ್ರಾಕೆಟ್‌ಗೆ ಕೂರುವ ಸ್ಟೀಲ್ ಕ್ಲಿಪ್ ಕೊಟ್ಟಿದ್ದಾರಾ, ಪ್ಯಾಡಿನ ಎರಡು ತುದಿ ಓರೆಯಾಗಿ ಕತ್ತರಿಸಿದೆಯಾ. ಆಮೇಲಿನ ಸದ್ದಿನ ಅರ್ಧ ಕಥೆ ಈ ಮೂರರಲ್ಲೇ ಇದೆ. ನನಗೆ ಮೊದಲು ಸಿಕ್ಕಿದ ಡಬ್ಬಿಯಲ್ಲಿ ಕ್ಲಿಪ್ ಇರಲಿಲ್ಲ. ‘ಹಳೇದೇ ಹಾಕ್ಕೊಳ್ಳಿ ಸಾರ್’ ಅಂದರು ಅಂಗಡಿಯವರು. ಹಾಕಿಕೊಳ್ಳಬಹುದು, ಆದರೆ ನಮ್ಮ ಕಡೆ ಮಳೆಗಾಲ ಕಂಡ ಕ್ಲಿಪ್ಪಿನಲ್ಲಿ ಸ್ಪ್ರಿಂಗ್ ಉಳಿದಿರುವುದಿಲ್ಲ. ಬೇರೆ ತೆಗೆದುಕೊಂಡೆ.

ಡಿಸ್ಕ್ ಎರಕದ ಕಬ್ಬಿಣ, ಅದರಲ್ಲೂ ಗ್ರೇ ಕಾಸ್ಟ್ ಐರನ್. ಅದರೊಳಗೆ ಗ್ರಾಫೈಟ್ ಸಣ್ಣ ಸಣ್ಣ ಚಕ್ಕೆಗಳಾಗಿ ಇರುತ್ತದೆ. ಕಂಪನವನ್ನು ನುಂಗುವ ಗುಣ ಬರುವುದು ಆ ಚಕ್ಕೆಗಳಿಂದ. ಅದಕ್ಕೇ ಡಿಸ್ಕಿಗೆ ಉಕ್ಕಿನ ಬದಲು ಈ ಕಬ್ಬಿಣವನ್ನು ಬಳಸುವುದು. ಭದ್ರಾವತಿಯಲ್ಲಿ 1923ರಲ್ಲಿ ಕಾರ್ಖಾನೆ ಶುರುವಾದಾಗ ಮಲೆನಾಡಿನ ಕಾಡಿನ ಇದ್ದಿಲಿನಲ್ಲೇ ಕಬ್ಬಿಣ ಕರಗಿಸುತ್ತಿದ್ದರು. ಹಾಗಾಗಿ ಬೀಡು ಕಬ್ಬಿಣ ನಮಗೆ ಹೊಸದೇನಲ್ಲ. ಅದಕ್ಕೆ ತುಕ್ಕು ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದೂ ಹೊಸದಲ್ಲ.

ಕೆಲಸಕ್ಕೆ ಇಳಿದದ್ದು ಮಳೆ ಹಿಂದಾದ ಮೇಲೆ. ಅಡಿಕೆ ಗೊನೆ ಕೊಯ್ಲು ಶುರುವಾದರೆ ಅಂಗಳದಲ್ಲಿ ಅದಕ್ಕೇ ಜಾಗ, ಕಾರಿಗಲ್ಲ. ಮಣ್ಣಿನ ಅಂಗಳದಲ್ಲಿ ಜಾಕಿ ಹೂತುಹೋಗುತ್ತದೆ, ಕೆಳಗೆ ದಪ್ಪ ಹಲಗೆ ಬೇಕೇ ಬೇಕು. ಜಾಕಿ ಎತ್ತುವುದಕ್ಕೆ ಮಾತ್ರ. ಕಾರು ನಿಲ್ಲುವುದು ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಪ್ಯಾಡುಗಳಲ್ಲಿ ಏನಿರುತ್ತದೆ ಅಂತ ಹೇಳಲಾಗುವುದಿಲ್ಲ, ಮೂಗಿಗೆ ಮಾಸ್ಕ್ ಇರಲಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಹೋಸಿನಲ್ಲಿ ನೇತಾಡಲು ಬಿಡದೆ ತಂತಿ ಹಾಕಿ ಸ್ಪ್ರಿಂಗಿಗೆ ಕಟ್ಟಿ.

ಹಳೇ ಡಿಸ್ಕ್ ಹಬ್ಬಿಗೆ (ಡಿಸ್ಕ್, ಚಕ್ರ ಎರಡೂ ಕೂರುವ, ತಿರುಗುವ ಭಾಗ) ಕಚ್ಚಿಕೊಂಡಿತ್ತು. ಸುತ್ತಿಗೆ ಹೊಡೆದರೆ ವೀಲ್ ಬೇರಿಂಗ್‌ಗೆ ಪೆಟ್ಟು. ಡಿಸ್ಕಿನ ಟೋಪಿಯಲ್ಲಿ ಬೋಲ್ಟ್ ಹಾಕುವ ಥ್ರೆಡ್ ಇರುವ ಎರಡು ತೂತು ಇದ್ದರೆ, ಅವು ಇರುವುದೇ ಇದಕ್ಕೆ. ಎರಡು ಎಂ8 ಬೋಲ್ಟ್ ಹಾಕಿ ಅದಕ್ಕೆ ಅರ್ಧ ಸುತ್ತು, ಇದಕ್ಕೆ ಅರ್ಧ ಸುತ್ತು ಬಿಗಿ ಮಾಡುತ್ತಾ ಹೋದೆ. ‘ಟಣ್’ ಅಂತ ಡಿಸ್ಕ್ ಬಿಟ್ಟುಕೊಂಡು, ಕೆಂಪು ಪುಡಿ ಹಲಗೆ ಮೇಲೆ ಸುರಿಯಿತು. ಹಬ್ಬಿನ ಮುಖದ ಮೇಲೆ, ವೀಲ್ ನಟ್ ಕೂರುವ ಸ್ಟಡ್‌ಗಳ ಸುತ್ತ, ಕೈ ಆಡಿಸಿದರೆ ಗೊತ್ತಾಗುವ ಹಾಗೆ ತುಕ್ಕಿನ ಪದರ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹೋದದ್ದು ಇಲ್ಲೇ, ಹೋಗಬೇಕಾದದ್ದೂ ಇಲ್ಲೇ. ಹಬ್ ಹತ್ತಿರ ಕಾಗದದ ದಪ್ಪದ ತುಕ್ಕು ಉಳಿದರೂ ಡಿಸ್ಕಿನ ಅಂಚು ಅದಕ್ಕಿಂತ ಜಾಸ್ತಿ ಓಲಾಡುತ್ತದೆ. ಓಲಾಡುವ ಡಿಸ್ಕ್ ಬ್ರೇಕ್ ಒತ್ತದೇ ಇರುವಾಗಲೂ ಒಂದೇ ಜಾಗದಲ್ಲಿ ಪ್ಯಾಡಿಗೆ ಸವರಿಕೊಂಡು ಹೋಗುತ್ತದೆ. ಕೆಲವು ಸಾವಿರ ಕಿ.ಮೀ. ಆದಮೇಲೆ ಆ ಜಾಗ ಸವೆದು ಮತ್ತೆ ಅದೇ ಸ್ಟೀರಿಂಗ್ ನಡುಕ. ಹೊಸ ಡಿಸ್ಕ್ ಹಾಕಿ ಆರು ತಿಂಗಳಿಗೇ ನಡುಕ ಬಂತು ಅಂತ ಡಿಸ್ಕನ್ನು ಬೈಯುವವರು ಈ ತುಕ್ಕನ್ನು ನೋಡಿರುವುದಿಲ್ಲ. ವೈರ್ ಬ್ರಷ್, ಎಮರಿ ಪೇಪರ್, ಸ್ಟಡ್ ಬುಡಕ್ಕೆ ಸಣ್ಣ ಚಾಕು, ಲೋಹ ಹೊಳೆಯುವ ತನಕ.

ಲೇತ್ ಇಟ್ಟುಕೊಂಡಿರುವ ಗೆಳೆಯನಿಂದ ಓಲಾಟ ಅಳೆಯುವ ಡಯಲ್ ಗೇಜ್ ತಂದಿದ್ದೆ. ಹೊಸ ಡಿಸ್ಕ್ ಕೂರಿಸಿ, ವಾಷರ್ ಕೊಟ್ಟು ವೀಲ್ ನಟ್ ಬಿಗಿ ಮಾಡಿ, ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಗೇಜಿನ ಮೊನೆ ಇಟ್ಟು ನಿಧಾನ ತಿರುಗಿಸಿದೆ. ಬಲಗಡೆ ಮುಳ್ಳು ಹೆಚ್ಚು ಅಲ್ಲಾಡಲಿಲ್ಲ. ಎಡಗಡೆ 0.08 ಮಿ.ಮೀ. ತೋರಿಸಿತು. ಬಹಳಷ್ಟು ಕಾರುಗಳಿಗೆ 0.05ರಿಂದ 0.10 ಒಳಗೆ ಮಿತಿ ಇರುತ್ತದೆ, ಅಂದರೆ ಅಂಚಿನಲ್ಲಿದೆ. ಡಿಸ್ಕನ್ನು ಒಂದು ಸ್ಟಡ್ ಆಚೆಗೆ ತಿರುಗಿಸಿ ಕೂರಿಸಿದರೆ 0.03. ಹಬ್ಬಿನ ಓಲಾಟ, ಡಿಸ್ಕಿನ ಓಲಾಟ ಒಂದಕ್ಕೊಂದು ವಜಾ ಆದವು. ಖರ್ಚಿಲ್ಲದ ರಿಪೇರಿ.

ಪಿನ್ನುಗಳನ್ನು ತೊಳೆದು, ಹರಿದ ಬೂಟು ಬದಲಾಯಿಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದೆ. ಶೆಡ್ಡಿನಲ್ಲಿ ಸಿಗುವ ಮಾಮೂಲಿ ಗ್ರೀಸ್ ಇಲ್ಲಿ ಬೇಡ. ಅದರ ಖನಿಜ ಎಣ್ಣೆಗೆ ಬ್ರೇಕಿನ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಬ್ರಾಕೆಟ್ಟಿನಲ್ಲಿ ಕ್ಲಿಪ್ ಕೂರುವ ಜಾಗದ ತುಕ್ಕನ್ನೂ ಅರದಿಂದ ಉಜ್ಜಬೇಕು. ಅಡಿಯ ತುಕ್ಕು ಕ್ಲಿಪ್ಪನ್ನು ಒಳಕ್ಕೆ ತಳ್ಳುತ್ತದೆ, ಪ್ಯಾಡ್ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾಡಿನ ಕಿವಿ ಕ್ಲಿಪ್ಪಿನೊಳಗೆ ಬೆರಳಿನಿಂದ ತಳ್ಳಿದರೆ ಜಾರಬೇಕು, ಸುತ್ತಿಗೆ ಕೇಳಬಾರದು. ಪಿಸ್ಟನ್ನನ್ನು ಹಳೇ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲಾಂಪಿನಿಂದ ನಿಧಾನ ಒಳಗೆ ಒತ್ತಿದೆ. ಮೇಲೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಮೊದಲೇ ಸ್ವಲ್ಪ ತೆಗೆದಿಡಿ. ಪೇಂಟ್ ಮೇಲೆ ಚೆಲ್ಲಿದರೆ ಪೇಂಟ್ ಹೋಯಿತು ಅಂತಲೇ ಲೆಕ್ಕ.

ಹೊಸ ಡಿಸ್ಕಿನ ಮೇಲೆ ತುಕ್ಕು ಬರದ ಹಾಗೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್ ಹೊಡೆದು, ಬಿಳೀ ಬಟ್ಟೆಯಲ್ಲಿ ಕಲೆ ಬರುವುದು ನಿಲ್ಲುವ ತನಕ ಒರೆಸಬೇಕು, ಎರಡೂ ಮುಖ. ಸೀಮೆಎಣ್ಣೆ, ಡೀಸೆಲ್ ಮುಟ್ಟಿಸಬೇಡಿ, ಅವೇ ಎಣ್ಣೆ. ಪ್ಯಾಡಿನ ಹಿಂಬದಿಗೆ, ಕಿವಿಗೆ ಮಾತ್ರ ಸೆರಾಮಿಕ್ ಗ್ರೀಸ್ ತೆಳುವಾಗಿ. ಎಲ್ಲ ಬೋಲ್ಟೂ ಮ್ಯಾನುಯಲ್ಲಿನ ಟಾರ್ಕಿಗೆ (ಬಿಗಿತಕ್ಕೆ), ವೀಲ್ ನಟ್ ಎದುರುಬದುರು ಕ್ರಮದಲ್ಲಿ. ಒಂದು ನಟ್ ಜಾಸ್ತಿ, ಇನ್ನೊಂದು ಕಡಿಮೆ ಬಿಗಿಯಾದರೂ ಡಿಸ್ಕ್ ಓಲಾಡುತ್ತದೆ. ಪಂಚರ್ ಅಂಗಡಿಯಲ್ಲಿ ಗನ್ ಹಿಡಿದು ಬಿಗಿ ಮಾಡುವಾಗ ನನಗೆ ಮೈ ಉರಿಯುವುದು ಇದಕ್ಕೇ. ಮತ್ತೆ ಮುಖ್ಯವಾದದ್ದು: ಗಾಡಿ ತೆಗೆಯುವ ಮುಂಚೆ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಬೇಕು. ಪಿಸ್ಟನ್ ಹಿಂದಕ್ಕೆ ಹೋಗಿರುತ್ತದೆ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ.

ಅಂಗಳದಿಂದ ರಸ್ತೆಗೆ ಇಳಿಯುವಷ್ಟರಲ್ಲೇ ಸದ್ದು ಶುರು.

ಮೊದಲನೆಯದು, ಬ್ರೇಕ್ ಒತ್ತದೇ ಇರುವಾಗಲೂ ಒಂದು ಸುತ್ತಿಗೆ ಒಂದು ಸಲ ‘ಟಿಣ್… ಟಿಣ್…’. ವೇಗಕ್ಕೆ ತಕ್ಕ ಹಾಗೆ ತಾಳ ಏರುತ್ತದೆ, ಇಳಿಯುತ್ತದೆ. ಹೀಗೆ ‘ಟಿಣ್’ ಅಂತ ತಾಳ ಹಾಕಿದರೆ ಅದು ಬಹಳ ಸಲ ಪ್ಯಾಡ್ ಅಲ್ಲ, ಡಿಸ್ಕಿನ ಹಿಂದಿನ ತಗಡು. ಬಿಚ್ಚುವಾಗ ಮೊಣಕೈ ತಾಗಿದರೂ ಬಾಗುವಷ್ಟು ತೆಳ್ಳಗಿನ ತಗಡು ಅದು. ಡಿಸ್ಕಿಗೂ ತಗಡಿಗೂ ನಡುವೆ ಮದುವೆ ಕಾಗದದಷ್ಟು ದಪ್ಪದ ರಟ್ಟು ತೂರಿಸಿ ಚಕ್ರ ತಿರುಗಿಸಿದೆ. ಎಲ್ಲಿ ಹಿಡಿಯಿತೋ ಅಲ್ಲಿ ತಗಡನ್ನು ಕೈಯಿಂದ ಡಿಸ್ಕಿನಿಂದ ದೂರಕ್ಕೆ ಎಳೆದೆ, ಮುಗಿಯಿತು. ಇದೇ ಜಾಗದಲ್ಲಿ ನಮ್ಮ ಜಲ್ಲಿ ರಸ್ತೆಯ ಸಣ್ಣ ಕಲ್ಲು ಸಿಕ್ಕಿಕೊಂಡರೆ ಊರೇ ತಿರುಗಿ ನೋಡುವ ಹಾಗೆ ಕಿರುಚುತ್ತದೆ. ಸ್ವಲ್ಪ ರಿವರ್ಸ್ ಹೋದರೆ ಎಷ್ಟೋ ಸಲ ತಾನೇ ಉದುರುತ್ತದೆ.

ಎರಡನೆಯದು, ಬ್ರೇಕ್ ಒತ್ತಿದಾಗ ‘ಸರ್ರ್’ ಅಂತ ಒಣ ಉಜ್ಜಾಟ. ಹೊಸ ಡಿಸ್ಕಿನ ಮುಖದ ಮೇಲೆ ಸಾಣೆ ಹಿಡಿದ ಗೀರುಗಳಿರುತ್ತವೆ, ಹೊಸ ಪ್ಯಾಡಿನ ಮುಖ ಅದಕ್ಕೆ ಇನ್ನೂ ಕೂತಿರುವುದಿಲ್ಲ. ಇದು ಹೋಗುವ ಸದ್ದು, ಬಿಡಿ. ಮೂರನೆಯದು, ಮುಂದೆ ಹೋಗಿ ರಿವರ್ಸ್ ತೆಗೆದು ಬ್ರೇಕ್ ಒತ್ತಿದರೆ ಒಂದೇ ಒಂದು ‘ಟಕ್’. ದಿಕ್ಕು ಬದಲಾದಾಗ ಪ್ಯಾಡ್ ಬ್ರಾಕೆಟ್ಟಿನೊಳಗೆ ಕೂದಲೆಳೆಯಷ್ಟು ಸರಿಯುತ್ತದೆ. ಒಂದು ಟಕ್ ಸರಿ. ಗುಂಡಿ ಹಾರಿದಾಗಲೆಲ್ಲ ಟಕಟಕ ಅಂದರೆ ಕ್ಲಿಪ್ ಕೂತಿಲ್ಲ, ಇಲ್ಲವೇ ಬೋಲ್ಟ್ ಸಡಿಲ. ಆಗ ಗಾಡಿ ನಿಲ್ಲಿಸಿಯೇ ನೋಡಬೇಕು.

ನಾಲ್ಕನೆಯದೇ ಎಲ್ಲರ ತಲೆ ತಿನ್ನುವುದು. ನಿಲ್ಲುವ ಕೊನೆಯ ಗಳಿಗೆಯಲ್ಲಿ, 10 ಕಿ.ಮೀ. ವೇಗಕ್ಕಿಂತ ಕೆಳಗೆ, ಕಿವಿಗೆ ಸೂಜಿ ಚುಚ್ಚಿದಂಥ ‘ಕೀ…’. ಪ್ಯಾಡ್ ಡಿಸ್ಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸೆಕೆಂಡಿಗೆ ಸಾವಿರಾರು ಸಲ ಅದುರುತ್ತದೆ. ಗಾರೆ ನೆಲದ ಮೇಲೆ ಕಬ್ಬಿಣದ ಕುರ್ಚಿ ಎಳೆದಾಗ ಕಿರುಗುಟ್ಟುತ್ತದಲ್ಲ, ಅದೇ ಕಾರಣ. ಇಲ್ಲಿ ಡಿಸ್ಕೇ ಜಾಗಟೆಯ ಕೆಲಸವನ್ನೂ ಮಾಡುವುದರಿಂದ ಸದ್ದು ದೊಡ್ಡದು. ಶಿಮ್, ಗ್ರೀಸ್, ಓರೆ ಅಂಚು ಎಲ್ಲ ಇರುವುದು ಈ ಅದುರಾಟ ತಡೆಯುವುದಕ್ಕೆ. ಅದೆಲ್ಲ ಸರಿ ಇದ್ದೂ ಬರುತ್ತಿದೆ ಅಂದರೆ ಬ್ರೇಕನ್ನು ಇನ್ನೂ ಪಳಗಿಸಿಲ್ಲ ಅಂತ ಅರ್ಥ.

ಪಳಗಿಸುವುದು ಅಂದರೆ ಬರೀ ಸವೆಸುವುದಲ್ಲ. ಹದವಾದ ಬಿಸಿಯಲ್ಲಿ ಪ್ಯಾಡಿನ ಪದಾರ್ಥದ ತೆಳ್ಳನೆಯ ಪದರವೊಂದು ಡಿಸ್ಕಿನ ಮೇಲೆ ಸುತ್ತಲೂ ಸಮನಾಗಿ ಕೂರಬೇಕು. ಆಮೇಲೆ ಪ್ಯಾಡ್ ಹಿಡಿಯುವುದು ಆ ಪದರವನ್ನು. ಇದಕ್ಕೆ ಬೇಕಾದದ್ದು ಒಣಗಿದ, ನೇರವಾದ, ಖಾಲಿ ರಸ್ತೆ. ಮಲೆನಾಡಿನಲ್ಲಿ ಈ ಮೂರೂ ಒಟ್ಟಿಗೆ ಸಿಗುವುದೇ ಕಷ್ಟ! ಮಂಡಗದ್ದೆ, ಸಕ್ರೆಬೈಲು ದಾರಿಯಲ್ಲಿ ತುಂಗೆಯ ಪಕ್ಕ ತಿರುವೋ ತಿರುವು, ಹಿಂದೆ ಬಸ್ಸು. ಅದಕ್ಕೆ ಶಿವಮೊಗ್ಗ ತನಕ ಸುಮಾರು 60 ಕಿ.ಮೀ. ಹಗುರವಾಗಿ ಬ್ರೇಕ್ ಹಾಕುತ್ತಾ ಹೋದೆ. ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಆಯನೂರು ಕಡೆಯ ರಸ್ತೆಗೆ ಇಳಿದೆ.

ಕ್ರಮ ಇಷ್ಟು. 50 ಕಿ.ಮೀ. ವೇಗದಿಂದ 10–15ಕ್ಕೆ ಹದವಾಗಿ, ಒಂದೇ ಒತ್ತಡದಲ್ಲಿ ಇಳಿಸಬೇಕು. ಪೂರ್ತಿ ನಿಲ್ಲಿಸಬಾರದು. ಮತ್ತೆ ವೇಗ ಹಿಡಿದು, ಅರ್ಧದಿಂದ ಒಂದು ಕಿ.ಮೀ. ಬ್ರೇಕ್ ಮುಟ್ಟದೆ ಗಾಳಿಗೆ ತಣಿಯಲು ಬಿಟ್ಟು, ಮತ್ತೆ ಅದೇ. ಹೀಗೆ 8–10 ಸಲ. ರಸ್ತೆ ಒಪ್ಪಿದರೆ 70ರಿಂದ 20ಕ್ಕೆ ಇನ್ನೊಂದೆರಡು ಸಲ. ಪ್ಯಾಡಿನ ಡಬ್ಬಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಮಾಡಿ, ಪ್ಯಾಡಿನಿಂದ ಪ್ಯಾಡಿಗೆ ವ್ಯತ್ಯಾಸ ಇರುತ್ತದೆ. ನಡುವೆ ಸುಟ್ಟ ವಾಸನೆ ಬರುತ್ತದೆ. ಪ್ಯಾಡಿನ ಅಂಟು ಬಿಸಿಗೆ ಬಿಡುವ ಹೊಗೆ ಅದು. ಆ ಹೊತ್ತಿಗೆ ಪೆಡಲ್ ಸ್ವಲ್ಪ ಸತ್ತ ಹಾಗೆ ಅನ್ನಿಸಿದರೆ ಅಂತರ ಜಾಸ್ತಿ ಬಿಡಬೇಕು. ಮುಗಿದ ಮೇಲೆ ಬ್ರೇಕ್ ಮುಟ್ಟದೆ ಒಂದಷ್ಟು ದೂರ ಸುಮ್ನೆ ಓಡಿಸಿ ತಣಿಸಬೇಕು. ಬಿಸಿ ಡಿಸ್ಕನ್ನು ಪ್ಯಾಡ್ ಕಚ್ಚಿಕೊಂಡು ನಿಂತರೆ ಅಲ್ಲೇ ಪ್ಯಾಡಿನ ಆಕಾರದಲ್ಲಿ ಅಚ್ಚು ಬೀಳುತ್ತದೆ, ಆಮೇಲೆ ಅದೇ ನಡುಕ. ಗೇಟು, ಸಿಗ್ನಲ್ ಸಿಕ್ಕಿದರೆ ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆಯಿರಿ. ಹಿಂದೆ ಡ್ರಮ್ ಇರುವ ನಮ್ಮಂಥ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಮುಂದಿನ ಡಿಸ್ಕನ್ನು ಮುಟ್ಟುವುದೇ ಇಲ್ಲ.

‘ಇಷ್ಟೆಲ್ಲ ಯಾಕೆ, ಆಗುಂಬೆ ಘಾಟಿ ಒಂದು ಸಲ ಇಳಿಸಿದರೆ ತಾನೇ ಕೂತ್ಕೊಳ್ಳುತ್ತೆ’ ಅಂತ ಹೇಳುವವರು ನಮ್ಮೂರಲ್ಲಿ ಬಹಳ. ಲೆಕ್ಕ ನೋಡಿ. ಒಂದು ಟನ್ ತೂಕದ ಕಾರು 50 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಬ್ರೇಕ್ ನುಂಗಬೇಕಾದದ್ದು ಸುಮಾರು 96 ಕಿಲೋಜೂಲ್. ಅದೇ ಕಾರು ಬ್ರೇಕಿನ ಮೇಲೇ 100 ಮೀಟರ್ ಎತ್ತರ ಇಳಿದರೆ ಸುಮಾರು 980. ಅಂದರೆ ಪ್ರತಿ 100 ಮೀಟರ್ ಇಳಿಕೆಗೂ ಹತ್ತು ಸಲ ಗಾಡಿ ನಿಲ್ಲಿಸಿದಷ್ಟು ಬಿಸಿ, ಅದೂ ನಡುವೆ ತಣಿಯುವ ಅಂತರವೇ ಇಲ್ಲದೆ. ಹದಿನಾಲ್ಕು ತಿರುವಿನ ಆಗುಂಬೆ ಘಾಟಿಯಲ್ಲಿ ಎದುರಿಗೆ ಬಸ್ಸು ಬಂದರೆ ಆ ಬಿಸಿ ಡಿಸ್ಕ್ ಹಿಡಿದುಕೊಂಡೇ ನಿಲ್ಲಬೇಕು. ಪಳಗದ ಪ್ಯಾಡಿಗೆ ಇದಕ್ಕಿಂತ ಕೆಟ್ಟ ಜಾಗ ನನಗೆ ತೋಚುವುದಿಲ್ಲ. ಹಳೇ ಬ್ರೇಕ್ ಆಯಿಲ್ ಇದ್ದರಂತೂ ಕೇಳುವುದೇ ಬೇಡ. ಅದು ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೆ ಬರವೇ? ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಕುದ್ದರೆ ಪೈಪಿನಲ್ಲಿ ಆವಿ, ಪೆಡಲ್ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಹೊಸದಿದ್ದರೂ ಹಳೆಯದಿದ್ದರೂ.

ಆಯನೂರಿನಿಂದ ವಾಪಸ್ ಬರುವಾಗಲೇ ‘ಕೀ’ ನಿಂತಿತ್ತು. ಡಿಸ್ಕ್ ತಣಿದ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಸಾಣೆಯ ಗೀರು ಮಸುಕಾಗಿ, ಮೇಲೆ ಬೂದು ನೀಲಿ ಛಾಯೆ ಸುತ್ತಲೂ ಒಂದೇ ಸಮ ಇತ್ತು. ಒಳಮುಖವನ್ನು ಫೋನಿನ ಕ್ಯಾಮೆರಾ ತೂರಿಸಿ ನೋಡಬೇಕು, ಪಿನ್ ಸರಿಯಾಗಿ ಜಾರುತ್ತಿದೆಯಾ ಅಂತ ಅಲ್ಲೇ ಗೊತ್ತಾಗುವುದು. ಒಳಗೆ ಛಾಯೆ ಇದ್ದು ಹೊರಗೆ ಇಲ್ಲದಿದ್ದರೆ, ಅಥವಾ ಪಟ್ಟೆ ಪಟ್ಟೆಯಾಗಿದ್ದರೆ ಮತ್ತೆ ಬಿಚ್ಚುವ ಕೆಲಸ. ನಮ್ಮದು ಎರಡೂ ಕಡೆ ಒಂದೇ ತರ ಇತ್ತು. ಕೆಲವು ನೂರು ಕಿ.ಮೀ. ಆದಮೇಲೆ ವೀಲ್ ನಟ್ ಟಾರ್ಕ್ ಇನ್ನೊಮ್ಮೆ ನೋಡಿದೆ, ಪಿನ್ ಕೈಯಲ್ಲಿ ಜಾರಿಸಿ ನೋಡಿದೆ. ಘಾಟಿಯಲ್ಲಿ ಸ್ಟೀರಿಂಗ್ ಈಗ ನಡುಗುತ್ತಿಲ್ಲ.

ಇನ್ನೂ ಉಳಿದಿರುವುದು ಎರಡು ಸದ್ದು. ರಾತ್ರಿ ಮಳೆ ಬಿದ್ದರೆ, ಇಲ್ಲವೇ ಇಬ್ಬನಿ ಜೋರಿದ್ದರೆ, ಬೆಳಗ್ಗೆ ಮೊದಲ ಕೆಲವು ಬ್ರೇಕಿಗೆ ಕರಕರ ಅನ್ನುತ್ತದೆ. ರಾತ್ರೋರಾತ್ರಿ ಹಿಡಿದ ಕಿತ್ತಳೆ ತುಕ್ಕನ್ನು ಪ್ಯಾಡ್ ಒರೆಸಿಕೊಳ್ಳುವ ಸದ್ದು. ಗೇಟು ದಾಟುವಷ್ಟರಲ್ಲಿ ಇರುವುದಿಲ್ಲ. ಕಾರು ತೊಳೆದು ಹಾಗೇ ನಿಲ್ಲಿಸಿದರೂ ಹೀಗೇ ಆಗುತ್ತದೆ. ಅದಕ್ಕೆ ತೊಳೆದ ಮೇಲೆ ಒಂದು ಸುತ್ತು ಓಡಿಸಿ, ಬ್ರೇಕ್ ಹಾಕಿ ಒಣಗಿಸಿ ನಿಲ್ಲಿಸುತ್ತೇನೆ. ಇನ್ನೊಂದು, ತಣ್ಣಗಿರುವಾಗ ರಿವರ್ಸ್ ತೆಗೆದು ನಿಲ್ಲಿಸಿದರೆ ಬಲಗಡೆ ಸಣ್ಣ ‘ಕೀ’. ಪ್ಯಾಡ್ ಬಿಚ್ಚಿ ನೋಡಿದೆ. ಒಂದು ತುದಿಯ ಓರೆ ಇನ್ನೊಂದಕ್ಕಿಂತ ಚಿಕ್ಕದು. ಅರ ಹಾಕಿ ಸಮ ಮಾಡಬಹುದು. ಆದರೆ ಮುಂದಕ್ಕೆ ಹೋಗುವಾಗ ಸದ್ದಿಲ್ಲ, ಹಿಡಿತ ಸರಿ ಇದೆ, ಸವೆತ ಸಮ ಇದೆ. ಮಗಳಿಗೆ ಮಾತ್ರ ಸ್ಕೂಲಿಗೆ ಹೊರಡುವ ಹೊತ್ತಾಯಿತು ಅಂತ ಗೊತ್ತಾಗುವುದು ಅದರಿಂದಲೇ. ಮುಂದಿನ ಸಲ ಟಯರ್ ಅದಲುಬದಲು ಮಾಡುವಾಗ ಹೇಗೂ ಚಕ್ರ ಬಿಚ್ಚಬೇಕು, ಆಗ ನೋಡಿಕೊಂಡರಾಯಿತು.